ನಿಸ್ತಂತು ಜಾಲ ನಿಗಾ: ವಾಡಿ–ವಿಕಾರಾಬಾದ್ ಮಾರ್ಗದ ಕವಚ್ ವ್ಯವಸ್ಥೆ

ರೇಡಿಯೊ ಸಂಪರ್ಕ ಎಷ್ಟು ಗಟ್ಟಿಯಾಗಿದೆ, ಸಂದೇಶಗಳು ಹೊತ್ತಿಗೆ ಸರಿಯಾಗಿ ತಲುಪುತ್ತಿವೆಯೇ ಎಂಬುದನ್ನು ಸಂವೇದಕಗಳ ನೆರವಿನಿಂದ ಎಡೆಬಿಡದೆ ಅಳೆಯುವ ಕ್ರಮಕ್ಕೆ ನಿಸ್ತಂತು ಜಾಲ ನಿಗಾ ಎನ್ನುತ್ತಾರೆ. ಕಚೇರಿ, ಆಸ್ಪತ್ರೆಗಳ ವೈ-ಫೈಯಿಂದ ಹಿಡಿದು ರೈಲು ಸುರಕ್ಷತೆಯವರೆಗೆ ಇದರ ಬಳಕೆ ಇದೆ. ಕಲಬುರಗಿ ಜಿಲ್ಲೆಯ ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಮೂಲಕ ಸಾಗುವ ವಾಡಿ–ವಿಕಾರಾಬಾದ್ ರೈಲು ಮಾರ್ಗವು ರೇಡಿಯೊ ಸಂದೇಶಗಳನ್ನು ನೆಚ್ಚಿದ ಸ್ವದೇಶಿ ರೈಲು ರಕ್ಷಣಾ ವ್ಯವಸ್ಥೆ ‘ಕವಚ್’ನ ಮೊದಲ ಪ್ರಯೋಗ ಭೂಮಿಗಳಲ್ಲಿ ಒಂದು.

ಅಳೆಯುವ ಬಗೆ

ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. ಈ ಅಂಕಿ 10ರಷ್ಟು ಇಳಿದರೆ ಬಲ ಹತ್ತನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಮೈನಸ್ 60 ಇದ್ದದ್ದು ಮೈನಸ್ 80 ಆದರೆ ಉಳಿಯುವುದು ನೂರರಲ್ಲಿ ಒಂದು ಪಾಲು ಮಾತ್ರ. ಆದರೆ ಬಲವೊಂದೇ ಸಾಲದು. ಅಕ್ಕಪಕ್ಕದ ಉಪಕರಣಗಳ ಗದ್ದಲ ಹೆಚ್ಚಿದ್ದರೆ ಬಲವಾದ ಸಂಕೇತವೂ ಕೆಡುತ್ತದೆ. ಹಾಗಾಗಿ ಗದ್ದಲದ ಮಟ್ಟ, ಕಳೆದುಹೋದ ಸಂದೇಶಗಳು, ಮತ್ತೆ ಮತ್ತೆ ಕಳಿಸಬೇಕಾದ ಸಂದೇಶಗಳು, ಆದ ವಿಳಂಬ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ವೈ-ಫೈ ಜಾಲದಲ್ಲಿ ಪ್ರತ್ಯೇಕ ಸಂವೇದಕವು ಬಳಕೆದಾರನಂತೆಯೇ ನಡೆದುಕೊಳ್ಳುತ್ತದೆ: ಜಾಲಕ್ಕೆ ಸೇರುತ್ತದೆ, ವಿಳಾಸ ಪಡೆಯುತ್ತದೆ, ಪುಟವೊಂದನ್ನು ತೆರೆದು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತದೆ. ಸಂಕೇತ ಬಿತ್ತರಿಸುವ ಪೆಟ್ಟಿಗೆಗೆ ತಾನು ಏನು ಕಳಿಸಿದೆನೆಂಬುದು ಚೆನ್ನಾಗಿ ಗೊತ್ತು. ಕೋಣೆಯ ಮೂಲೆಯಲ್ಲಿ ಕುಳಿತವನಿಗೆ ಏನು ಸಿಕ್ಕಿತೆಂಬುದು ಅಷ್ಟು ಚೆನ್ನಾಗಿ ಗೊತ್ತಿಲ್ಲ. ಆ ಕೊರತೆಯನ್ನು ಸಂವೇದಕ ತುಂಬುತ್ತದೆ.

ಮಾರ್ಗ ಮತ್ತು ಪ್ರಯೋಗ

ನಿಜಾಮರ ಕಾಲದ ಸಿಕಂದರಾಬಾದ್–ವಾಡಿ ಮಾರ್ಗ 1874ರಲ್ಲಿ ಆರಂಭವಾಯಿತು. ವಾಡಿಯಲ್ಲಿ ಅದು ಮುಂಬೈ–ಚೆನ್ನೈ ಮಾರ್ಗವನ್ನು ಕೂಡುತ್ತದೆ. ವಾಡಿ, ಮಳಖೇಡ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಂದಾಗಿ ಪ್ರಯಾಣಿಕ ಗಾಡಿಗಳ ಜೊತೆಗೆ ಗೂಡ್ಸ್ ಗಾಡಿಗಳ ಓಡಾಟವೂ ಇಲ್ಲಿ ಹೆಚ್ಚು.

ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಭಾರತೀಯ ಕಂಪನಿಗಳ ಜೊತೆಗೂಡಿ ಕವಚ್ ವ್ಯವಸ್ಥೆಯನ್ನು ರೂಪಿಸಿತು. ಆಗ ಇದರ ಹೆಸರು ಟಿಕ್ಯಾಸ್. ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ವಿಭಾಗಗಳ ಸುಮಾರು 250 ಕಿ.ಮೀ. ಹಳಿಯನ್ನು ಪ್ರಯೋಗಕ್ಕೆ ಆರಿಸಲಾಯಿತು. ಪ್ರಯಾಣಿಕ ಗಾಡಿಗಳಲ್ಲಿ ಪರೀಕ್ಷೆ ಶುರುವಾದದ್ದು 2016ರ ಫೆಬ್ರುವರಿಯಲ್ಲಿ. 2020ರ ಜುಲೈನಲ್ಲಿ ಕವಚ್ ಅನ್ನು ರಾಷ್ಟ್ರೀಯ ಸ್ವಯಂಚಾಲಿತ ರೈಲು ರಕ್ಷಣಾ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು. 2022ರ ಮಾರ್ಚ್ 4ರಂದು ಇದೇ ದಕ್ಷಿಣ ಮಧ್ಯ ರೈಲ್ವೆಯ ಗುಲ್ಲಗುಡ–ಚಿಟಗಿಡ್ಡ ನಿಲ್ದಾಣಗಳ ನಡುವೆ ನಡೆದ ಪ್ರಾತ್ಯಕ್ಷಿಕೆಯಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರಿದ್ದ ಎಂಜಿನ್, ಎದುರಿನ ಎಂಜಿನ್‌ಗಿಂತ 380 ಮೀಟರ್ ಹಿಂದೆಯೇ ತಾನಾಗಿ ನಿಂತಿತು.

ರಚನೆ

ನಿಲ್ದಾಣದ ಕವಚ್ ಘಟಕಕ್ಕೂ ಎಂಜಿನ್‌ನಲ್ಲಿರುವ ಘಟಕಕ್ಕೂ ಮಾತುಕತೆ ನಡೆಯುವುದು ಯುಎಚ್‌ಎಫ್ ರೇಡಿಯೊದಲ್ಲಿ. ನಿಲ್ದಾಣದ ಬಳಿಯ ಎತ್ತರದ ಗೋಪುರದ ಮೇಲೆ ಆಂಟೆನಾಗಳಿರುತ್ತವೆ. ಒಂದೇ ಪ್ರದೇಶದಲ್ಲಿರುವ ಗಾಡಿಗಳ ಮಾತು ಒಂದರ ಮೇಲೊಂದು ಬೀಳದಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಾಲಪಾಳಿ ಇರುತ್ತದೆ. ಎಲ್ಲರ ಗಡಿಯಾರವನ್ನೂ ಉಪಗ್ರಹ ಸಂಕೇತ ಒಂದುಗೂಡಿಸುತ್ತದೆ.

ಗಾಡಿ ಎಲ್ಲಿದೆ ಎಂದು ತಿಳಿಯಲು ಹಳಿಗಳ ನಡುವೆ, ಸ್ಲೀಪರ್ ಮೇಲೆ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ಕೂರಿಸಿರುತ್ತಾರೆ. ಟ್ಯಾಗ್‌ನೊಳಗೆ ಬ್ಯಾಟರಿ ಇಲ್ಲ. ಎಂಜಿನ್ ತಳದ ರೀಡರ್ ಮೇಲೆ ಹಾದುಹೋಗುವಾಗ ಅದರ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತನ್ನೂ ಸ್ಥಳವನ್ನೂ ತಿಳಿಸುತ್ತದೆ. ಎರಡು ಟ್ಯಾಗ್‌ಗಳ ನಡುವಿನ ದೂರವನ್ನು ಎಂಜಿನ್ ಚಕ್ರದ ಸುತ್ತುಗಳಿಂದ ಲೆಕ್ಕ ಹಾಕುತ್ತದೆ. ಬರಬೇಕಾದ ಟ್ಯಾಗ್ ಸಿಗದೆ ಹೋದರೆ ಅದೂ ಒಂದು ದೋಷವೆಂದೇ ದಾಖಲಾಗುತ್ತದೆ.

ನಿಗಾ ನಡೆಯುವ ಬಗೆ

ಮೊದಲ ಅಳತೆ ಗೋಪುರ ನಿಲ್ಲಿಸುವ ಮುನ್ನವೇ ಆಗುತ್ತದೆ. ಹಳಿಯುದ್ದಕ್ಕೂ ಸಂಕೇತದ ಬಲವನ್ನು ಸರ್ವೆ ಮಾಡಿ ಗೋಪುರದ ಜಾಗ, ಎತ್ತರ ಗೊತ್ತುಮಾಡುತ್ತಾರೆ. ಜಾಲ ಚಾಲೂ ಆದ ಬಳಿಕ ಪ್ರತಿ ಎಂಜಿನ್ನೂ ಚಲಿಸುವ ಸಂವೇದಕವಾಗುತ್ತದೆ. ನಿಲ್ದಾಣದ ಘಟಕಗಳ ಮಾಹಿತಿ ಆಪ್ಟಿಕಲ್ ಫೈಬರ್ ಮೂಲಕವೂ ಎಂಜಿನ್‌ಗಳ ದೋಷ ವರದಿ ಜಿಎಸ್‌ಎಂ ಮೊಬೈಲ್ ಜಾಲದ ಮೂಲಕವೂ ಕೇಂದ್ರೀಯ ನಿಗಾ ವ್ಯವಸ್ಥೆಗೆ ಸೇರುತ್ತವೆ. ಯುಎಚ್‌ಎಫ್ ಕೈಕೊಟ್ಟಾಗ ಆ ಸುದ್ದಿಯನ್ನು ಯುಎಚ್‌ಎಫ್‌ನಲ್ಲೇ ಕಳಿಸಲಾಗದು. ದೋಷ ವರದಿಗೆ ಬೇರೆ ದಾರಿ ಇಟ್ಟಿರುವುದು ಇದಕ್ಕಾಗಿಯೇ. ಎರಡೂ ಕಡೆಯ ದಾಖಲೆಗಳನ್ನು ಹೋಲಿಸಿದಾಗ ಕೆಟ್ಟದ್ದು ಯಾವುದೆಂಬ ಸುಳಿವು ಸಿಗುತ್ತದೆ. ಒಂದೇ ಎಂಜಿನ್ ಎಲ್ಲ ನಿಲ್ದಾಣಗಳಲ್ಲೂ ಸಂಪರ್ಕ ಕಳೆದುಕೊಂಡರೆ ಅದರ ಆಂಟೆನಾ, ರೇಡಿಯೊ ನೋಡಬೇಕು; ಎಲ್ಲ ಎಂಜಿನ್‌ಗಳೂ ಒಂದೇ ಕಡೆ ಕಳೆದುಕೊಂಡರೆ ಅಲ್ಲಿನ ಗೋಪುರ ನೋಡಬೇಕು.

ನಿಗದಿತ ಅವಧಿಯೊಳಗೆ ಹೊಸ ಸಂದೇಶ ಬಾರದಿದ್ದರೆ ಕವಚ್ ಮುಂದೆ ಸಾಗಲು ಮೊದಲು ಸಿಕ್ಕಿದ್ದ ಅನುಮತಿಯನ್ನೇ ನಂಬಿಕೊಂಡು ಗಾಡಿಯನ್ನು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಸಂಪರ್ಕ ದುರ್ಬಲವಾದರೆ ಅದರ ಪರಿಣಾಮ ಗಾಡಿಯ ಓಟದ ಮೇಲೂ ಆಗುತ್ತದೆ.

ಮಿತಿಗಳು

ಎಂಜಿನ್ನೇ ಸಂವೇದಕವಾದ್ದರಿಂದ ಗಾಡಿ ಓಡದ ಹೊತ್ತಿನಲ್ಲಿ ಹಳಿಯ ನಡುಭಾಗದ ಅಳತೆ ಸಿಗುವುದಿಲ್ಲ. ಕವಚ್ ಅಳವಡಿಸದ ಎಂಜಿನ್ ಎಷ್ಟು ಸಲ ಹಾದುಹೋದರೂ ಜಾಲದ ಬಗ್ಗೆ ಏನನ್ನೂ ತಿಳಿಸದು. ಹಳಿ ದುರಸ್ತಿಯ ವೇಳೆ ಟ್ಯಾಗ್ ಸ್ಥಾನ ತಪ್ಪಿದರೆ, ಅದು ಬೆಳಕಿಗೆ ಬರುವುದು ಕವಚ್ ಇರುವ ಮುಂದಿನ ಗಾಡಿ ಅಲ್ಲಿ ಹಾದಾಗಲೇ. ಪ್ರಯೋಗದ ಅನುಭವ, ಸ್ವತಂತ್ರ ಪರಿಶೀಲಕರ ಸಲಹೆಗಳ ಮೇಲೆ ತಿದ್ದುಪಡಿಗಳಾಗಿ, 2024ರ ಜುಲೈನಲ್ಲಿ ಕವಚ್‌ನ 4.0 ಆವೃತ್ತಿಗೆ ಆರ್‌ಡಿಎಸ್‌ಒ ಒಪ್ಪಿಗೆ ನೀಡಿತು.