ಒಂದಕ್ಕೆ ಒಂಬತ್ತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ನಾವು ತುಮಕೂರಿನವರೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಾತ್ರ ನಮ್ಮದು ಬೇರೆ ಜಿಲ್ಲೆ. ನನ್ನ ನೌಕರಿಯೆಲ್ಲ ಈ ನಾಲ್ಕು ತಾಲ್ಲೂಕುಗಳೊಳಗೇ ಕಳೆಯಿತು. ಸಮಾಜ ವಿಜ್ಞಾನದ ಮೇಡಮ್ಮು ನಾನು. ಮೊಗಲರು ಶಿರಾವನ್ನು ಸುಬಾ ಮಾಡಿಕೊಂಡದ್ದು, ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಹೈದರಾಲಿ, ಟಿಪ್ಪು ಎಲ್ಲವನ್ನೂ ಮಕ್ಕಳಿಗೆ ಹೇಳಿದ್ದೇನೆ. ಆದರೆ ನಮ್ಮ ಮನೆಮನೆಯೊಳಗೂ ನಡೆದ ಒಂದು ಚರಿತ್ರೆಯನ್ನು ಯಾವ ತರಗತಿಯಲ್ಲೂ ಹೇಳಲಿಲ್ಲ. ಅದು ಜೂಜಿನ ಚರಿತ್ರೆ. ಹೇಳುವ ಪ್ರಸಂಗ ಬಂದದ್ದು 2024ರಲ್ಲಿ, ಒಂದು ಶುಕ್ರವಾರದ ಮೊದಲ ಪೀರಿಯಡ್ಡಿನಲ್ಲಿ.

ಹತ್ತನೇ ತರಗತಿಯ ಒಬ್ಬ ಹುಡುಗ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಪರೀಕ್ಷೆಗೆ ಒಂದು ತಿಂಗಳಿತ್ತು. ರಾತ್ರಿಯೆಲ್ಲ ಓದಿರಬೇಕು ಎಂದುಕೊಂಡೆ. ಮುಂದಿನ ಶುಕ್ರವಾರವೂ ಹಾಗೇ ಮಲಗಿದ. ಹೊರಗೆ ಕರೆದು ಕೇಳಿದರೆ, "ಅಣ್ಣನ ಜೊತೆ ಡಾರ್ಟ್ಸ್ ನೋಡ್ತಿದ್ದೆ ಮಿಸ್" ಎಂದ. ಅಣ್ಣ ಬೆಂಗಳೂರಿನಲ್ಲಿದ್ದ ಕೆಲಸ ಬಿಟ್ಟು ಊರಿಗೆ ಬಂದು ಕೂತವನು. ನೋಡುವುದಷ್ಟೇ ಅಲ್ಲ, ಮೊಬೈಲಿನಲ್ಲಿ ಅದರ ಮೇಲೆ ದುಡ್ಡೂ ಕಟ್ಟುತ್ತಿದ್ದಾನೆ ಎಂಬುದು ಆಮೇಲೆ ಬಾಯಿಬಿಟ್ಟಿತು.

ಡಾರ್ಟ್ಸ್ ಎಂದರೆ ಗೋಡೆಗೆ ತೂಗುಹಾಕಿದ ದುಂಡು ಹಲಗೆಗೆ ಸಣ್ಣ ಬಾಣ ಎಸೆಯುವ ಆಟ. 501ರಿಂದ ಶುರುಮಾಡಿ ಕಳೆಯುತ್ತಾ ಸೊನ್ನೆಗೆ ಬರಬೇಕು. ಕೊನೆಯ ಬಾಣ ಎರಡು ಪಟ್ಟಿನ ಸಣ್ಣ ಪಟ್ಟಿಯಲ್ಲೋ ನಟ್ಟನಡುವಿನ ಕೆಂಪು ಬೊಟ್ಟಿಗೋ ನೆಡಬೇಕು. ಇಂಗ್ಲೆಂಡಿನ ಪಬ್ಬುಗಳ ಆಟ ಇದು. ಆಟಗಾರರು ಹಣಕ್ಕಾಗಿ ಆಡುವ ಪ್ರೀಮಿಯರ್ ಲೀಗ್ ಡಾರ್ಟ್ಸ್ 2005ರಲ್ಲಿ ಆರಂಭವಾಯಿತು. ಫೆಬ್ರವರಿಯಿಂದ ಮೇ ತಿಂಗಳವರೆಗೆ, ಗುರುವಾರದ ಸಂಜೆಗಳಲ್ಲಿ ನಡೆಯುತ್ತದೆ. ಅಲ್ಲಿ ಸಂಜೆ 7 ಗಂಟೆ ಎಂದರೆ ಆ ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ನಮ್ಮ ಹುಡುಗನ ಶುಕ್ರವಾರದ ನಿದ್ದೆಗೆ ಕಾರಣ ತಿಳಿಯಿತಲ್ಲ! ಆ ವರ್ಷ ಗೆದ್ದವನು ಲ್ಯೂಕ್ ಲಿಟ್ಲರ್, ಹದಿನೇಳು ವರ್ಷದವನು. ಅವನು ಎಸೆದು ಗಳಿಸಿದ. ನಮ್ಮ ಹುಡುಗರು ನೋಡಿ ಕಳೆದರು.

ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಪಾವಗಡ! ನಮ್ಮವರಿಗೆ ಗುರಿ ಹೊಡೆಯುವ ಆಟವೆಂದರೆ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಬಲೂನಿಗೆ ಗುಂಡು ಹೊಡೆಯುವುದು. "ಡಾರ್ಟ್ಸೇ ಯಾಕೋ?" ಎಂದೆ. "ಆ ಹೊತ್ತಲ್ಲಿ ಕ್ರಿಕೆಟ್ ಇರಲ್ಲ ಮಿಸ್" ಎಂದ. ಜೂಜಿಗೆ ಬೇಕಾದ್ದು ಆಟ ಅಲ್ಲ, ಬಿಡುವಿಲ್ಲದ ಅಂಕೆ. ಇದನ್ನು ನಾನು ಹತ್ತು ವರ್ಷದವಳಿದ್ದಾಗಲೇ ಕಂಡಿದ್ದೆ.

ನಮ್ಮಪ್ಪ ಮಧುಗಿರಿಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಬೀಡಿ ಸೇದಿದವರಲ್ಲ, ಕುಡಿದವರಲ್ಲ. ಅವರ ಜೇಬಿನಲ್ಲಿರುತ್ತಿದ್ದದ್ದು ಒಂದು ಸಣ್ಣ ಚೀಟಿ. ಅದು ಓಸಿ ಚೀಟಿ, ಮಟ್ಕಾ ಎಂದರೂ ಅದೇ. ಅದರ ಹುಟ್ಟು ಕೇಳಿದರೆ ನಗು ಬರುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಹತ್ತಿಯ ಪೇಟೆ ತೆರೆದಾಗಿನ ಧಾರಣೆ, ಮುಚ್ಚಿದಾಗಿನ ಧಾರಣೆ ತಂತಿಯ ಮೂಲಕ ಬೊಂಬಾಯಿಗೆ ಬರುತ್ತಿತ್ತು. ಜನ ಅದರ ಮೇಲೆ ಬಾಜಿ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎರಡೂ ಸೇರಿ ಓಸಿ. 1960ರ ದಶಕದ ಮೊದಲಲ್ಲಿ ಆ ಸುದ್ದಿ ಬರುವುದು ನಿಂತುಹೋಯಿತು. ಹತ್ತಿ ಹೋದರೇನು, ಜೂಜು ಹೋಗಲಿಲ್ಲ. ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬ ಇಬ್ಬರು ತಾವೇ ಅಂಕೆ ಎತ್ತಲು ಶುರುಮಾಡಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಮಟ್ಕಾ ಎಂಬ ಹೆಸರು ಬಂತು. ಬೊಂಬಾಯಿಯ ಗಿರಣಿ ಕೂಲಿಗಳ ಕಾಸು ತಿಂದು ಬೆಳೆದದ್ದು ನಮ್ಮ ಬಯಲುಸೀಮೆಯ ಬಸ್‌ಸ್ಟ್ಯಾಂಡಿಗೂ ಬಂದಿಳಿಯಿತು. ಪಾವಗಡವಂತೂ ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು. ಇಲ್ಲಿ ಪೊಲೀಸರು ಬಂದರೆ ಅಲ್ಲಿ, ಅಲ್ಲಿ ಬಂದರೆ ಇಲ್ಲಿ.

ಅಪ್ಪನಿಗೆ ಕನಸೂ ಅಂಕೆಯಾಯಿತು. ಬೆಳಿಗ್ಗೆ ಎದ್ದು, "ಪುಟ್ಟಿ, ರಾತ್ರಿ ಏನು ಕನಸು ಬಿತ್ತು?" ಎಂದು ನನ್ನನ್ನು ಕೇಳುತ್ತಿದ್ದರು. ಹಾವು ಎಂದರೆ ಒಂದು ಅಂಕೆ, ನೀರು ಎಂದರೆ ಇನ್ನೊಂದು. ಅಪ್ಪ ನನ್ನನ್ನು ಮುದ್ದು ಮಾಡುತ್ತಿದ್ದಾರೆ ಎಂದು ನಾನು ಇಲ್ಲದ ಕನಸನ್ನೂ ಕಟ್ಟಿ ಹೇಳುತ್ತಿದ್ದೆ. ಅಮ್ಮನ ಓಲೆ ಗಿರವಿಗೆ ಹೋಯಿತು, ಆಮೇಲೆ ಹಿತ್ತಾಳೆ ಹಂಡೆ. ಅಮ್ಮ ಚಿಲ್ಲರೆಯನ್ನು ರಾಗಿ ವಾಡೆಯ ತಳದಲ್ಲಿ ಹುದುಗಿಸುತ್ತಿದ್ದಳು. ಒಂದು ದಿನ ವಾಡೆಯೂ ಬರಿದಾಗಿತ್ತು. ಆ ವಾರವೇ ನನ್ನನ್ನೂ ತಮ್ಮನನ್ನೂ ಕೊರಟಗೆರೆಯ ಬಸ್ಸು ಹತ್ತಿಸಿ ಅಜ್ಜಿ ಮನೆಗೆ ಕಳಿಸಿಬಿಟ್ಟಳು. ತಾನು ಬರಲಿಲ್ಲ. ನಾನು ಅಲ್ಲೇ ಓದಿದೆ, ಅಲ್ಲಿಂದಲೇ ಕಾಲೇಜಿಗೆ ಹೋದೆ. ಬೇಡವಾದ ಮಕ್ಕಳ ಹಾಗೆ ನಮ್ಮನ್ನು ತಳ್ಳಿದಳಲ್ಲ ಎಂಬ ಮುನಿಸು ಮಾತ್ರ ಎಷ್ಟೋ ವರ್ಷ ಹೋಗಲಿಲ್ಲ.

ನಮ್ಮ ನಾಡಿಗೆ ಜೂಜು ಹೊಸದಲ್ಲ. ಹಳಗನ್ನಡದಲ್ಲಿ ಪಗಡೆಯಾಟಕ್ಕೆ ನೆತ್ತ ಎಂಬ ಸ್ವಂತ ಹೆಸರೇ ಇದೆ. ಋಗ್ವೇದದಲ್ಲೇ ದಾಳಕ್ಕೆ ಸೋತು ಹೆಂಡತಿಯನ್ನು ಕಳೆದುಕೊಂಡವನ ಗೋಳಿನ ಸೂಕ್ತವಿದೆ. ಯುಗಾದಿ ಬಂದರೆ ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲಿ ಇಸ್ಪೀಟು, ಸಂಕ್ರಾಂತಿಗೆ ಗಡಿಯಲ್ಲಿ ಕೋಳಿ ಪಂದ್ಯ. ಕಾನೂನೂ ಹಿಂದೆಯೇ ಓಡಿಬಂದಿದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 78ನೇ ಕಲಂ ಮಟ್ಕಾಕ್ಕೆ, 87ನೇ ಕಲಂ ಬೀದಿಯ ಇಸ್ಪೀಟಿಗೆ. ಪತ್ರಿಕೆಯ ಮೂಲೆಯಲ್ಲಿ ಈ ಎರಡು ಅಂಕೆಗಳನ್ನು ನೀವೂ ಓದಿರುತ್ತೀರಿ. ಕುದುರೆ ಓಟ ಮಾತ್ರ ಜಾಣ್ಮೆಯ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಷ್ಟೋ ಮನೆಗಳ ದೀಪ ಆರಿಸಿದ ಲಾಟರಿಯನ್ನು ನಮ್ಮ ರಾಜ್ಯ 2007ರಲ್ಲಿ ನಿಲ್ಲಿಸಿತು. 2021ರಲ್ಲಿ ಮೊಬೈಲ್ ಜೂಜನ್ನೂ ನಿಷೇಧಿಸಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದರೆ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಒಳ್ಳೆಯದೇ. ಆದರೆ ಕಾಯಿದೆ ಬರುವ ಹೊತ್ತಿಗೆ ಓಲೆ ಗಿರವಿ ಅಂಗಡಿ ಸೇರಿರುತ್ತದೆ.

ಆ ಹುಡುಗನಿಗೆ ನಾನು ಬೈಯಲಿಲ್ಲ. ಬೋರ್ಡಿನ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಬರೆದೆ. "ಓಸಿಯಲ್ಲಿ ಒಂಟಿ ಅಂಕೆಗೆ ಒಂದಕ್ಕೆ ಒಂಬತ್ತು. ಹತ್ತೂ ಅಂಕೆಗೆ ಒಂದೊಂದು ರೂಪಾಯಿ ಕಟ್ಟು. ಎಷ್ಟು ಹೋಯಿತು?" "ಹತ್ತು ಮಿಸ್." "ಒಂದು ಅಂಕೆ ಬಂದೇ ಬರುತ್ತದೆ. ಕೈಗೆಷ್ಟು?" "ಒಂಬತ್ತು." "ಉಳಿದ ಒಂದು?" ಹುಡುಗ ಸುಮ್ಮನಾದ. ಮೊಬೈಲಿನಲ್ಲೂ ಅಷ್ಟೇ. ಸಮಬಲದ ಇಬ್ಬರು ಬಾಣ ಎಸೆಯುವವರಿದ್ದಾಗ, ನೂರು ಕಟ್ಟಿ ಗೆದ್ದರೆ ನೂರ ತೊಂಬತ್ತು ಎನ್ನುತ್ತಾರೆ. ಇಬ್ಬರ ಮೇಲೂ ನೂರು ನೂರು ಕಟ್ಟಿ ನೋಡಿ. ಇನ್ನೂರು ಕೊಟ್ಟು ನೂರ ತೊಂಬತ್ತು ತಂದಿರುತ್ತೀರಿ. ಹೆಸರು ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಒಂದು ರಾತ್ರಿ ಯಾರಾದರೂ ಗೆದ್ದಾರು. ದಿನಾ ಗೆಲ್ಲುವವನು ಆಡಿಸುವವನೊಬ್ಬನೇ.

ನಾಲ್ಕು ದಿನ ಬಿಟ್ಟು ಅವನ ತಾಯಿ ಶಾಲೆಗೆ ಬಂದಳು. ಕಿವಿಯಲ್ಲಿ ಓಲೆಯ ಜಾಗದಲ್ಲಿ ಬೇವಿನ ಕಡ್ಡಿ. ನನಗೆ ಎದೆ ಧಸಕ್ಕೆಂದಿತು. "ದೊಡ್ಡೋನಿಗೆ ಹೇಳಿ ಹೇಳಿ ಸಾಕಾಯ್ತು ಮೇಡಂ. ಚಿಕ್ಕೋನನ್ನ ಪರೀಕ್ಷೆ ಮುಗಿಯೋವರ್ಗೂ ಶಿರಾದಲ್ಲಿ ನನ್ನ ತಂಗಿ ಮನೇಲಿ ಬಿಡ್ತೀನಿ. ಅಲ್ಲಿಂದ್ಲೇ ಬಸ್ಸಲ್ಲಿ ಬತ್ತಾನೆ. ಅಮ್ಮ ನನ್ನ ಓಡಿಸ್ಬಿಟ್ಲು ಅಂತ ಅಳ್ತವ್ನೆ. ನಾನು ಮಾಡಿದ್ದು ತಪ್ಪಾ?" ಎಂದು ಕಣ್ಣೊರೆಸಿಕೊಂಡಳು.

ನನಗೆ ನಳದಮಯಂತಿ ನೆನಪಾಯಿತು. ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗುವ ನಮ್ಮ ಸೀಮೆಯ ಹೆಂಗಸರಿಗೆ ನಳನ ಪಾಡು ಗೊತ್ತು. ಮಹಾಭಾರತದ ಆ ಕಥೆಯಲ್ಲಿ ನಳ ಪುಷ್ಕರನೊಡನೆ ಆಡಿ ಒಂದೊಂದೇ ಸೋಲುತ್ತಿರುವಾಗ ದಮಯಂತಿ ಅಳುತ್ತಾ ಕೂರುವುದಿಲ್ಲ. ಸಾರಥಿ ವಾರ್ಷ್ಣೇಯನನ್ನು ಕರೆಸಿ, ಇಬ್ಬರು ಮಕ್ಕಳನ್ನೂ ರಥ ಹತ್ತಿಸಿ, ಕುಂಡಿನಪುರದ ತನ್ನ ತವರಿಗೆ ಕಳಿಸಿಬಿಡುತ್ತಾಳೆ. ರಾಜ್ಯ ಹೋಯಿತು, ಮಕ್ಕಳು ಉಳಿದರು. ಈ ಕಥೆಯನ್ನು ಎಷ್ಟು ಸಲ ಕೇಳಿದ್ದೆ! ರಥದ ಜಾಗದಲ್ಲಿ ಕೊರಟಗೆರೆಯ ಬಸ್ಸನ್ನು ಇಟ್ಟು ನೋಡಿರಲಿಲ್ಲ.

ನಮ್ಮಮ್ಮ ಹೋಗಿ ಹನ್ನೆರಡು ವರ್ಷವಾಗಿತ್ತು. ಅವಳಿಗೆ ಹೇಳಬೇಕಾಗಿದ್ದದ್ದನ್ನು ಆ ತಾಯಿಗೆ ಹೇಳಿದೆ: "ತಪ್ಪಲ್ಲಮ್ಮ. ನೀನು ಸರಿಯಾಗೇ ಮಾಡಿದೀಯ. ಅವನಿಗೆ ಈಗ ತಿಳಿಯಲ್ಲ, ಮುಂದೆ ತಿಳಿಯುತ್ತೆ."