ವಾರಾನ್ನದಿಂದ ಪಿ.ಜಿ.ವರೆಗೆ

ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಅಂಕಪಟ್ಟಿಗಳಿರುವ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡ ತಂದೆ, ಪಕ್ಕದಲ್ಲಿ ಮಗನೋ ಮಗಳೋ. ಇಬ್ಬರೂ ವಿದ್ಯುತ್ ಕಂಬಗಳಿಗೆ ಅಂಟಿಸಿದ 'ಪಿ.ಜಿ. ಇದೆ' ಎಂಬ ಚೀಟಿಗಳನ್ನು ಓದುತ್ತಾ ನಡೆಯುತ್ತಿರುತ್ತಾರೆ. ಕಾಲೇಜಿನಲ್ಲಿ ಸೀಟು ಸಿಕ್ಕಾಗಿದೆ. ಇನ್ನು ಬೇಕಾದದ್ದು ಇರಲೊಂದು ಜಾಗ, ಎರಡು ಹೊತ್ತಿನ ಊಟ.

ಈ ಹುಡುಕಾಟಕ್ಕೆ ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಅದು ಕೇವಲ ಬಾಡಿಗೆಯ ಇತಿಹಾಸವಲ್ಲ. ಊರಿನಿಂದ ಬಂದ ಹುಡುಗ ಬಾಗಿಲು ತಟ್ಟಿದಾಗ ಮನೆಯ ಯಜಮಾನರು ಮೊದಲು ಕೇಳುತ್ತಿದ್ದ ಪ್ರಶ್ನೆ, 'ಯಾವ ಊರಪ್ಪ? ಯಾರ ಪೈಕಿ?' ಎಂಬುದು. ಆ ಪ್ರಶ್ನೆಗೆ ಸರಿಯಾದ ಉತ್ತರ ಇದ್ದವನಿಗೆ ಓದು ಒಲಿಯುತ್ತಿತ್ತು. ಇಲ್ಲದವನು, ಎಷ್ಟೇ ಬುದ್ಧಿವಂತನಾಗಿದ್ದರೂ, ಊರಿನ ದಾರಿ ಹಿಡಿಯಬೇಕಾಗುತ್ತಿತ್ತು.

ಏಳು ದಿನ, ಏಳು ಮನೆ

1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂದು ಆರಂಭವಾದ ಶಾಲೆ 1875ರಲ್ಲಿ ಸೆಂಟ್ರಲ್ ಕಾಲೇಜ್ ಆಯಿತು. ಆಗ ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಪದವಿ ಪಡೆಯಬೇಕೆನ್ನುವವರು ಸಂಸ್ಥಾನದ ನಾನಾ ಮೂಲೆಗಳಿಂದ ಇಲ್ಲಿಗೇ ಬರಬೇಕಿತ್ತು. ಬಂದವರಿಗೆ ಆಸರೆಯಾಗುತ್ತಿದ್ದುದು ನೆಂಟರ ಮನೆ.

ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿ ಜೀವನ ಇದಕ್ಕೆ ಒಳ್ಳೆಯ ಉದಾಹರಣೆ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಅವರು ಬೆಂಗಳೂರಿನಲ್ಲಿದ್ದ ಸೋದರಮಾವನ ಆಶ್ರಯಕ್ಕೆ ಬಂದರು. ಖರ್ಚಿಗಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುತ್ತಾ ಅಲ್ಲೇ ಮಲಗುತ್ತಿದ್ದರು. ಊಟಕ್ಕೆ ಮಾತ್ರ ಮಾವನ ಮನೆಗೆ ನಡೆದು ಹೋಗುತ್ತಿದ್ದರು. ಹೀಗೆ ಎರಡು ಮನೆಗಳ ನಡುವೆ ಓಡಾಡಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು.

ನೆಂಟರಿಲ್ಲದವರ ಪಾಲಿಗೆ ಇದ್ದದ್ದು ವಾರಾನ್ನ. ಇಂದಿನ ಓದುಗರಲ್ಲಿ ಹಲವರಿಗೆ ಈ ಪದವೇ ಅಪರಿಚಿತವಾಗಿರಬಹುದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತು ಮಾಡಿಕೊಂಡು ಊಟ ಮಾಡುವ ಏರ್ಪಾಡು ಇದು. ಹುಡುಗ ನಗರಕ್ಕೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ ಈ ಏಳು ವಾರಗಳನ್ನು ಭರ್ತಿ ಮಾಡಿಕೊಳ್ಳುವುದು. ಐದು ಮನೆ ಸಿಕ್ಕಿ ಎರಡು ಸಿಗದಿದ್ದರೆ ಆ ಎರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಕೆಲವು ಮನೆಗಳಲ್ಲಿ ತಾಯಂದಿರು ಸ್ವಂತ ಮಗನಂತೆ ಬಡಿಸುತ್ತಿದ್ದರು. ಕೆಲವು ಮನೆಗಳಲ್ಲಿ ನೀರು ಸೇದುವುದು, ಅಂಗಡಿಗೆ ಹೋಗಿಬರುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಊಟದ ಜೊತೆಗೇ ಅಂಟಿಕೊಂಡಿರುತ್ತಿತ್ತು.

ವಾರಾನ್ನ ದೊಡ್ಡ ಔದಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೊಂದು ಎಲ್ಲೆಯೂ ಇತ್ತು. ಪಂಕ್ತಿಯಲ್ಲಿ ಕೂತು ಉಣ್ಣಬಲ್ಲವರಿಗೆ, ಅಂದರೆ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ, ಮಾತ್ರ ಅದು ದೊರೆಯುತ್ತಿತ್ತು. ಅಡಿಗೆಮನೆಯ ಮಡಿಯೇ ಕಾಲೇಜಿನ ಹೊಸ್ತಿಲೂ ಆಗಿಬಿಟ್ಟಿತ್ತು.

ಪ್ಲೇಗು ಕಟ್ಟಿದ ಬಡಾವಣೆಗಳು

1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ರೂಪುಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳತ್ತ ಸರಿದರು. ಅಗಲವಾದ ರಸ್ತೆ, ದೊಡ್ಡ ನಿವೇಶನ, ಹಿತ್ತಲಲ್ಲೊಂದು ಔಟ್‌ಹೌಸ್. ಇಲ್ಲಿ ಮನೆ ಕಟ್ಟಿದವರಲ್ಲಿ ಸರ್ಕಾರಿ ನೌಕರರು, ವಕೀಲರು, ಮೇಷ್ಟ್ರುಗಳು ಬಹಳ. ಇವರಲ್ಲಿ ಅನೇಕರು ತಾವೇ ಹಳ್ಳಿಯಿಂದ ಬಂದು ಓದಿದವರು. ಊರಿನ ಹುಡುಗ ಬಂದು ನಿಂತರೆ ನಡುಮನೆಯಲ್ಲೊಂದು ಚಾಪೆ ಹಾಸಲು ಅವರಿಗೆ ಜಾಗವೂ ಇತ್ತು, ನೆನಪೂ ಇತ್ತು. ಕಾಲೇಜು ನಡೆದು ಹೋಗುವಷ್ಟು ದೂರ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಹಿಂದಿದ್ದ ದಿವಾನರು, ಒಮ್ಮೆ ಮಾವನ ಮನೆಯ ಊಟಕ್ಕೆ ನಡೆದು ಹೋಗುತ್ತಿದ್ದ ಅದೇ ವಿಶ್ವೇಶ್ವರಯ್ಯ. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು. ಹೊಸ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪದವಿ ಬೋಧನೆ ಸೆಂಟ್ರಲ್ ಕಾಲೇಜಿನ ಪಾಲಿಗೆ ಬಂತು. ಬೆಂಗಳೂರಿಗೆ ಬರುವ ಹುಡುಗರ ಸಂಖ್ಯೆ ಏರಿತು. ಚಾಪೆಗಳು ಸಾಲದಾದವು.

ಛತ್ರದಲ್ಲಿ ಓದಿದವರು

ಈ ಕೊರತೆಯನ್ನು ಮೊದಲೇ ಕಂಡವರಲ್ಲಿ ಗುಬ್ಬಿ ತೋಟದಪ್ಪನವರು ಪ್ರಮುಖರು. ಗುಬ್ಬಿಯ ಈ ವರ್ತಕರು ತಮ್ಮ ಗಳಿಕೆಯನ್ನು ಧರ್ಮಕಾರ್ಯಕ್ಕೆ ಮೀಸಲಿಟ್ಟು, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಪ್ರಯಾಣಿಕರಿಗೆ ತಂಗುದಾಣ, ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಸತಿ. ರೈಲಿನಿಂದ ಇಳಿದ ಹುಡುಗ ಟ್ರಂಕು ಹೊತ್ತು ನೇರವಾಗಿ ಅಲ್ಲಿಗೆ ಬರಬಹುದಿತ್ತು.

ಹಾಗೆ ಬಂದು ಛತ್ರದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದವರಲ್ಲಿ ಒಬ್ಬರು ಮಾಗಡಿ ಸೀಮೆಯ ವೀರಾಪುರದ ಶಿವಣ್ಣ. 1927ರಲ್ಲಿ ಕಾಲೇಜು ಸೇರಿದ ಅವರು 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾದರು. ಅವರೇ ಶ್ರೀ ಶಿವಕುಮಾರ ಸ್ವಾಮೀಜಿ. 2019ರಲ್ಲಿ, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಎಲ್ಲ ಜಾತಿಗಳ ಸುಮಾರು ಹತ್ತು ಸಾವಿರ ಮಕ್ಕಳು ಉಂಡು ಓದುತ್ತಿದ್ದರು. ನಗರದ ಛತ್ರವೊಂದರಲ್ಲಿ ಇರಲು ಜಾಗ ಪಡೆದ ಒಬ್ಬ ವಿದ್ಯಾರ್ಥಿ, ಮುಂದೆ ಸಾವಿರಾರು ಮಕ್ಕಳಿಗೆ ಜಾಗ ಮಾಡಿಕೊಟ್ಟರು.

ಜಾತಿಯ ಹೆಸರಿನ ಹಾಸ್ಟೆಲ್ಲುಗಳು

ತೋಟದಪ್ಪನವರದು ಒಬ್ಬರ ದಾನ. ಅದೇ ಕಾಲಕ್ಕೆ ಸಮುದಾಯಗಳೇ ಸಂಘ ಕಟ್ಟಿಕೊಳ್ಳತೊಡಗಿದವು. 1905ರಲ್ಲಿ ಮೈಸೂರು ಲಿಂಗಾಯತರ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಮುಂದೆ ಬೇರೆ ಸಮುದಾಯಗಳೂ ಇದೇ ಹಾದಿ ಹಿಡಿದವು. ಈ ಸಂಘಗಳು ಕೈಗೆತ್ತಿಕೊಂಡ ಮುಖ್ಯ ಕೆಲಸಗಳಲ್ಲಿ ಒಂದು, ತಮ್ಮವರ ಮಕ್ಕಳಿಗೆ ವಿದ್ಯಾರ್ಥಿನಿಲಯ ಕಟ್ಟುವುದು.

ಇದೇಕೆ ಎಂದು ಕೇಳಿದರೆ ಉತ್ತರ ಸರಳ. ಶಾಲೆ ಕಾಲೇಜುಗಳ ಬಾಗಿಲು ತಕ್ಕಮಟ್ಟಿಗೆ ತೆರೆದಿತ್ತು. ಆದರೆ ಪೇಟೆಯಲ್ಲಿ ಉಣ್ಣಲು, ಮಲಗಲು ಜಾಗವಿಲ್ಲದ ರೈತನ ಮಗ ಆ ಬಾಗಿಲವರೆಗೆ ಬರುವುದೇ ಸಾಧ್ಯವಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರ ಸಂಖ್ಯೆಯೇ ಹೆಚ್ಚಾಗಿದ್ದುದನ್ನು ಪ್ರಶ್ನಿಸಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ನೌಕರಿಯ ಆ ದೊಡ್ಡ ಚರ್ಚೆಯ ಬೇರುಗಳಲ್ಲೊಂದು ಇದ್ದದ್ದು ಊಟದ ಎಲೆಯಲ್ಲಿ. ವಾರಾನ್ನ ಸಿಕ್ಕವನು ಪದವೀಧರನಾದ, ಪದವೀಧರನಾದವನು ಅಮಲ್ದಾರನಾದ.

ಜಾತಿ ಹಾಸ್ಟೆಲ್ಲುಗಳನ್ನು ಇಂದು ಕೆಲವರು ಸಂಕುಚಿತವೆಂದು ಟೀಕಿಸುತ್ತಾರೆ. 'ಯಾರ ಪೈಕಿ?' ಎಂಬ ಪ್ರಶ್ನೆಯನ್ನು ಅವು ಅಳಿಸಲಿಲ್ಲ, ನಿಜ. ಆದರೆ ಆ ಪ್ರಶ್ನೆಗೆ ಉತ್ತರವಿಲ್ಲದಿದ್ದ ಸಾವಿರಾರು ಹುಡುಗರಿಗೆ ಒಂದು ಉತ್ತರ ಕೊಟ್ಟವು ಎಂಬುದನ್ನು ಮರೆಯಲಾಗದು.

ಈ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ನಿಂತವರು ದಲಿತ ವಿದ್ಯಾರ್ಥಿಗಳು. ಅವರ ಪಾಲಿಗೆ ವಾರಾನ್ನದ ಮನೆಯೂ ಇಲ್ಲ, ಬಾಡಿಗೆಯ ಕೋಣೆಯೂ ಇಲ್ಲ. ಅವರಿಗಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಲು ಜೀವನ ಮುಡಿಪಿಟ್ಟವರು ಗೋಪಾಲಸ್ವಾಮಿ ಅಯ್ಯರ್. ಸ್ವಜಾತಿಯವರ ಮುನಿಸನ್ನು ಲೆಕ್ಕಿಸದೆ ದುಡಿದ ಅವರ ಹೆಸರನ್ನು ಬೆಂಗಳೂರಿನ ಹಾಸ್ಟೆಲೊಂದು ಉಳಿಸಿಕೊಂಡಿದೆ.

ಹೆಣ್ಣುಮಕ್ಕಳ ಕಥೆಯೇ ಬೇರೆ. ಬಸವನಗುಡಿಯ ಮಹಿಳಾ ಸೇವಾ ಸಮಾಜ 1913ರಷ್ಟು ಹಿಂದೆಯೇ ಆರಂಭವಾಗಿದ್ದರೂ, ಬೆಂಗಳೂರಿಗೆ ಮಹಾರಾಣಿ ಕಾಲೇಜು ಬಂದದ್ದು 1938ರಲ್ಲಿ. ವಾರಾನ್ನವೆಂಬುದು ಗಂಡುಹುಡುಗರದೇ ಲೋಕ. ದಿನಕ್ಕೊಂದು ಮನೆಗೆ ಹೋಗಿ ಉಣ್ಣಲು ಹುಡುಗಿಯನ್ನು ಯಾರೂ ಕಳಿಸುತ್ತಿರಲಿಲ್ಲ. ನಗರದಲ್ಲಿ ಚಿಕ್ಕಪ್ಪನೋ ಸೋದರತ್ತೆಯೋ ಇದ್ದರೆ ಅವಳಿಗೆ ಓದು ಉಂಟು, ಇಲ್ಲದಿದ್ದರೆ ಮದುವೆ.

ರೂಮು, ವಠಾರ, ಮಸಾಲೆದೋಸೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಪಡಿತರಕ್ಕೆ ಸಿಕ್ಕಿತು. ಸ್ವಂತ ಮನೆಯವರಿಗೇ ಅಳೆದು ಬಡಿಸಬೇಕಾದಾಗ ವಾರದ ಹುಡುಗನಿಗೆ ಎಲೆ ಹಾಕುವುದು ಕಷ್ಟವಾಯಿತು. ಮೆಲ್ಲಮೆಲ್ಲನೆ ವಾರಾನ್ನ ಮರೆಯಾಯಿತು. ಅದರ ಜಾಗಕ್ಕೆ ಬಂದದ್ದು 'ರೂಮು ಮಾಡುವ' ಪದ್ಧತಿ. ಮೂರು ನಾಲ್ಕು ಗೆಳೆಯರು ಸೇರಿ ಔಟ್‌ಹೌಸನ್ನೋ ವಠಾರದ ಒಂದು ಕೋಣೆಯನ್ನೋ ಬಾಡಿಗೆಗೆ ಹಿಡಿಯುವುದು, ಸೀಮೆಎಣ್ಣೆ ಸ್ಟವ್ವಿನಲ್ಲಿ ಅನ್ನ ಬೇಯಿಸಿಕೊಳ್ಳುವುದು, ಇಲ್ಲವೇ ಮೆಸ್ಸಿನಲ್ಲಿ ತಿಂಗಳ ಲೆಕ್ಕ ಇಡುವುದು.

ಗಾಂಧಿ ಬಜಾರಿನ ಪ್ರಸಿದ್ಧ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ ತೆರೆದ ಪುಟ್ಟ ಹೋಟೆಲಾಗಿ. ಹೆಸರಿನಲ್ಲಿ ಅದರ ಜನ್ಮವೃತ್ತಾಂತವಿದೆ. ಇಂದು ಅಲ್ಲಿ ದೋಸೆಗಾಗಿ ಸಾಲುಗಟ್ಟಿ ನಿಲ್ಲುವವರಲ್ಲಿ ಎಷ್ಟು ಜನರಿಗೆ ಇದು ಹೊಳೆಯುತ್ತದೋ! ಆಮೇಲಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು (1945), ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು (1946) ಬಂದು ಬಸವನಗುಡಿ ಪೂರ್ತಿ ವಿದ್ಯಾರ್ಥಿಗಳ ಬೀಡಾಯಿತು.

ಹಾಸ್ಟೆಲನ್ನೇ ಮನೆ ಮಾಡಿಕೊಂಡವರು

ಆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ ನಾಡಿನ ಇತಿಹಾಸಕ್ಕೆ ಸೇರಿದೆ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ, ಬಸ್ಸಿಗೆ ಕಾಸಿಲ್ಲದೆ, ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಪ್ರಾಧ್ಯಾಪಕನಾಗಿ, ಪ್ರಿನ್ಸಿಪಾಲನಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಆ ಹುಡುಗನೇ ಡಾ. ಎಚ್. ನರಸಿಂಹಯ್ಯ. ಅವಿವಾಹಿತರಾಗಿ ಉಳಿದ ಅವರು ಮನೆ ಕಟ್ಟಲಿಲ್ಲ. 2005ರಲ್ಲಿ ನಿಧನರಾಗುವವರೆಗೆ, ದಶಕಗಟ್ಟಲೆ, ಹಾಸ್ಟೆಲಿನ ಆ ಸಣ್ಣ ಕೋಣೆಯೇ ಅವರ ಮನೆ. ಸುತ್ತಲಿನ ಕೋಣೆಗಳ ಹುಡುಗರೇ ಅವರ ಸಂಸಾರ.

ಇಂದಿನ ಲೆಕ್ಕ

ಸ್ವಾತಂತ್ರ್ಯಾನಂತರ ಈ ಹೊಣೆಯ ದೊಡ್ಡ ಪಾಲನ್ನು ಸರ್ಕಾರ ಹೊತ್ತಿತು. ದೇವರಾಜ ಅರಸರ ಕಾಲದಲ್ಲಿ, 1977ರಲ್ಲಿ, ಹಿಂದುಳಿದ ವರ್ಗಗಳಿಗೆಂದೇ ಪ್ರತ್ಯೇಕ ಇಲಾಖೆ ಬಂದು ಅದರ ಹಾಸ್ಟೆಲ್ಲುಗಳು ನಾಡಿನಾದ್ಯಂತ ಹರಡಿದವು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿ ಕೊಡುವ 'ವಿದ್ಯಾಸಿರಿ' ಯೋಜನೆ 2013–14ರಲ್ಲಿ ಆರಂಭವಾಯಿತು. ವಾರಾನ್ನವೇ ಹಕ್ಕಿನ ರೂಪ ತಾಳಿ ಬಂದಿತು ಎನ್ನಬಹುದು.

ಉಳಿದವರಿಗೆ ಪಿ.ಜಿ. ಅದು ಮನೆಯೋ ವ್ಯಾಪಾರವೋ ಎಂಬ ಪ್ರಶ್ನೆ ತೆರಿಗೆಯವರ ಮುಂದೂ ಬಂತು. 2023ರಲ್ಲಿ ಕರ್ನಾಟಕದ ಜಿ.ಎಸ್.ಟಿ. ಮುಂಗಡ ತೀರ್ಪು ಪ್ರಾಧಿಕಾರ, ಪಿ.ಜಿ. ಎಂಬುದು ವಾಸದ ಮನೆಯಲ್ಲ, ಅದರ ಬಾಡಿಗೆಗೆ ಶೇ 12 ತೆರಿಗೆ ಸಲ್ಲಬೇಕು ಎಂದಿತು. ಮರುವರ್ಷ ಜಿ.ಎಸ್.ಟಿ. ಮಂಡಳಿ, ಕನಿಷ್ಠ 90 ದಿನ ಇರುವವರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ಬಾಡಿಗೆಗೆ ವಿನಾಯಿತಿ ನೀಡಲು ತೀರ್ಮಾನಿಸಿತು.

ಪಿ.ಜಿ.ಯ ಬಾಗಿಲಲ್ಲಿ 'ಯಾರ ಪೈಕಿ?' ಎಂದು ಯಾರೂ ಸಾಮಾನ್ಯವಾಗಿ ಕೇಳುವುದಿಲ್ಲ. 'ಅಡ್ವಾನ್ಸ್ ಎಷ್ಟು ಕೊಡ್ತೀರಿ?' ಎಂದಷ್ಟೇ ಕೇಳುತ್ತಾರೆ. ಇದು ಸಣ್ಣ ಲಾಭವಲ್ಲ. ಹಣ ಕೊಟ್ಟ ಹುಡುಗಿಗೆ ಇಂದು ಸೋದರತ್ತೆಯ ಮನೆಯೂ ಬೇಕಿಲ್ಲ, ಯಾರ ಹಂಗೂ ಬೇಕಿಲ್ಲ. ಆದರೆ ಬಾಡಿಗೆ ತೀರಿಸಿದೊಡನೆ ಲೆಕ್ಕ ಮುಗಿಯುತ್ತದೆ. ವಾರದ ಮನೆಯ, ಛತ್ರದ, ಹಾಸ್ಟೆಲಿನ ಅನ್ನದ ಲೆಕ್ಕ ಹಾಗೆ ಮುಗಿಯುತ್ತಿರಲಿಲ್ಲ. ಉಂಡವರು ಅದನ್ನು ಬಡಿಸಿದವರಿಗೆ ಹಿಂದಿರುಗಿಸಲಿಲ್ಲ. ಮುಂದಿನ ಹುಡುಗನಿಗೆ ಕೊಟ್ಟರು. ಬೆಂಗಳೂರಿನ ಎಷ್ಟೋ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳು ಎದ್ದದ್ದು ಈ ಋಣದ ಮೇಲೆ.

ವಿದ್ಯುತ್ ಕಂಬದ ಚೀಟಿ ಓದುತ್ತಾ ನಿಂತ ಆ ತಂದೆಗೆ ಈ ಇತಿಹಾಸ ಬೇಕಿಲ್ಲ. ಅವನಿಗೆ ಬೇಕಾದದ್ದು ಒಂದು ಮಂಚ. ಇತಿಹಾಸವನ್ನು ನೆನೆಯಬೇಕಾದವರು ಇದೇ ಬೀದಿಗಳಲ್ಲಿ, ಒಂದು ಕಾಲದಲ್ಲಿ ಯಾರದೋ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಓದಿ, ಇಂದು ಸ್ವಂತ ಮನೆಯ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿರುವವರು.