ಲೋಹ ಕೊರತೆಯ ನಕ್ಷತ್ರಗಳು: ಸಹಾ ಸಮೀಕರಣದಿಂದ ಹಾನ್ಲೆಯ ರೋಹಿತಮಾಪಕದವರೆಗೆ

ತುಲಾ ರಾಶಿಯಲ್ಲಿ, ವಿಶಾಖೆಯ ಚಿಕ್ಕೆಗಳಿಗೆ ಸಮೀಪದಲ್ಲೇ, ಬರಿಗಣ್ಣಿಗೆ ಕಾಣದ ನಕ್ಷತ್ರವೊಂದಿದೆ. ಖಗೋಳ ಪಟ್ಟಿಯಲ್ಲಿ ಅದು ಎಚ್‌ಡಿ 140283. ಸುಮಾರು 200 ಜ್ಯೋತಿರ್ವರ್ಷ ದೂರ, ಕಾಂತಿಮಾನ 7.2. ಅದರಲ್ಲಿರುವ ಕಬ್ಬಿಣದ ಪ್ರಮಾಣ ಸೂರ್ಯನಲ್ಲಿರುವುದರ ಸುಮಾರು ಇನ್ನೂರೈವತ್ತರಲ್ಲಿ ಒಂದು ಪಾಲು. ಲೋಹ ಕೊರತೆಯ ನಕ್ಷತ್ರಗಳ ಅಧ್ಯಯನ ಶುರುವಾದದ್ದು ಇದರಿಂದ ಮತ್ತು ಎಚ್‌ಡಿ 19445 ಎಂಬ ಇನ್ನೊಂದರಿಂದ.

ಮಹಾಸ್ಫೋಟದಲ್ಲಿ ಹುಟ್ಟಿದ್ದು ಜಲಜನಕ, ಹೀಲಿಯಂ, ಲೇಶಮಾತ್ರ ಲಿಥಿಯಂ. ಮಿಕ್ಕಿದ್ದನ್ನೆಲ್ಲ, ಇಂಗಾಲವಾಗಲಿ ಆಮ್ಲಜನಕವಾಗಲಿ, ಖಗೋಳಜ್ಞರು ಸಾರಾಸಗಟಾಗಿ ಲೋಹವೆಂದೇ ಎಣಿಸುತ್ತಾರೆ. ಇವು ತಯಾರಾದದ್ದು ಮುಖ್ಯವಾಗಿ ನಕ್ಷತ್ರಗಳ ಒಡಲಲ್ಲಿ ಮತ್ತು ಅವುಗಳ ಸ್ಫೋಟದಲ್ಲಿ. ಹಾಗಾಗಿ ಲೋಹ ತೀರ ಕಡಿಮೆಯಿದ್ದರೆ, ಆ ನಕ್ಷತ್ರ ಹುಟ್ಟಿದ್ದು ಹಿಂದೆ ಹೆಚ್ಚು ತಲೆಮಾರಿನ ನಕ್ಷತ್ರಗಳು ಆಗಿಹೋಗಿರದ ಅನಿಲದಿಂದ ಎಂದು ಅರ್ಥ. ಸೂರ್ಯನಿಗಿಂತ ತುಸು ಹಗುರಾದವು ಅಷ್ಟು ಕಾಲ ಬದುಕಿ ಇಂದಿಗೂ ಬೆಳಗುತ್ತಿವೆ.

ನಕ್ಷತ್ರದ ರೋಹಿತದಿಂದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ, ಧಾತುಗಳ ಪ್ರಮಾಣ ಲೆಕ್ಕ ಹಾಕಲು ಕೀಲಿಕೈ ಕೊಟ್ಟವರು ಭೌತವಿಜ್ಞಾನಿ ಮೇಘನಾದ ಸಹಾ. ಉಷ್ಣತೆ, ಒತ್ತಡಗಳಿಗೆ ತಕ್ಕಂತೆ ಪರಮಾಣುಗಳು ಎಷ್ಟು ಅಯಾನುಗಳಾಗುತ್ತವೆ ಎಂಬುದನ್ನು ಅವರ 1920ರ ಸಮೀಕರಣ ತಿಳಿಸಿತು. ಅದನ್ನು ಬಳಸಿಯೇ 1925ರಲ್ಲಿ ಖಗೋಳಜ್ಞೆ ಸಿಸಿಲಿಯಾ ಪೇಯ್ನ್ ನಕ್ಷತ್ರಗಳಲ್ಲಿ ಜಲಜನಕವೇ ಪ್ರಧಾನ ಎಂಬ ಫಲಿತಾಂಶಕ್ಕೆ ಬಂದರು. ಆದರೆ ಎಲ್ಲ ನಕ್ಷತ್ರಗಳ ಮಿಶ್ರಣ ಹೆಚ್ಚುಕಡಿಮೆ ಒಂದೇ ಎಂಬ ನಂಬಿಕೆ ಅಲುಗಲಿಲ್ಲ. ಮೇಲಿನ ಎರಡು ನಕ್ಷತ್ರಗಳ ರೋಹಿತದಲ್ಲಿ, ಧಾತುಗಳು ಬೆಳಕು ಹೀರಿ ಮೂಡಿಸುವ ಕಪ್ಪು ಗೆರೆಗಳು ವಿರಳ. ಹೆಚ್ಚು ಬಿಸಿಯಿದ್ದರೂ ಲೋಹದ ಗೆರೆಗಳು ಮಸುಕಾಗುತ್ತವಲ್ಲ, ಅದಕ್ಕೇ ಅವನ್ನು ಬಿಸಿಯ ವರ್ಗಕ್ಕೆ ಸೇರಿಸಿದ್ದರು. 1951ರಲ್ಲಿ ಖಗೋಳಜ್ಞರಾದ ಚೇಂಬರ್‌ಲೇನ್ ಮತ್ತು ಆಲರ್ ತೋರಿಸಿದ್ದು ಬೇರೆ: ಅವು ಅಷ್ಟು ಬಿಸಿಯಲ್ಲ, ಅವುಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂಗಳೇ ಕಡಿಮೆ. ಹೇಳಿದ್ದನ್ನು ಅವರು ಬಹಳ ಅಳುಕಿನಿಂದಲೇ ಹೇಳಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಇದೇ.

ಆಮೇಲಿನದು ಹುಡುಕಾಟದ ಕಾಲ. ದೂರದರ್ಶಕದ ಮುಂದೆ ಪಟ್ಟಕವಿಟ್ಟರೆ ಫಲಕದ ಮೇಲೆ ಒಂದೊಂದು ನಕ್ಷತ್ರವೂ ಸಣ್ಣ ಪಟ್ಟಿಯಾಗಿ ಮೂಡುತ್ತದೆ. ನೇರಳೆ ತುದಿಯಲ್ಲಿ, 3933 ಆಂಗ್‌ಸ್ಟ್ರಾಮ್ ಬಳಿ, ಕ್ಯಾಲ್ಸಿಯಂನ 'ಕೆ' ಗೆರೆ ಬರುತ್ತದೆ. ಸೂರ್ಯನಂಥವುಗಳಲ್ಲಿ ಅದು ದಪ್ಪ. ಲೋಹ ಕಡಿಮೆಯಾದಷ್ಟೂ ತೆಳು. ಖಗೋಳಜ್ಞರಾದ ಬೀರ್ಸ್, ಪ್ರೆಸ್ಟನ್, ಶೆಕ್ಟ್‌ಮನ್ ಹೀಗೆ ಆರಿಸಿದ ನಕ್ಷತ್ರಗಳನ್ನು 1985ರಿಂದ ಪ್ರಕಟಿಸತೊಡಗಿದರು. ಕಬ್ಬಿಣದ ಗೆರೆಯೇ ಪತ್ತೆಯಾಗದ ಎಸ್‌ಎಂಎಸ್‌ಎಸ್ ಜೆ0313-6708 ಎಂಬ ನಕ್ಷತ್ರ ವರದಿಯಾದದ್ದು 2014ರಲ್ಲಿ. ಲೋಹವೇ ಇಲ್ಲದ ಮೊದಲ ತಲೆಮಾರಿನ ನಕ್ಷತ್ರ ಮಾತ್ರ ಇನ್ನೂ ಸಿಕ್ಕಿಲ್ಲ.

ಕರ್ನಾಟಕದಲ್ಲಿ ಈ ಕೆಲಸದ ನೆಲೆ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅದರ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ; ನಡೆಸುವವರು ಕುಳಿತುಕೊಳ್ಳುವುದು ಹೊಸಕೋಟೆಯ ಕೇಂದ್ರದಲ್ಲಿ, ನಡುವೆ ಉಪಗ್ರಹ ಸಂಪರ್ಕ. ಇದೇ ದೂರದರ್ಶಕದ ರೋಹಿತಗಳಿಂದ ಅರುಣಾ ಗೋಸ್ವಾಮಿ 2005ರಲ್ಲಿ ಮಸುಕಾದ ಇಂಗಾಲ ನಕ್ಷತ್ರಗಳನ್ನು ವಿಂಗಡಿಸಿದರು. ಹಳೆಯ ಲೋಹ ಕೊರತೆಯ ನಕ್ಷತ್ರಗಳಲ್ಲಿ ಹಲವು ಇಂಗಾಲದಲ್ಲಿ ಸಮೃದ್ಧವಾಗಿರುವುದು ಒಂದು ವಿಚಿತ್ರ. ಕೆಲವಕ್ಕೆ ಅದು ಸಂಗಾತಿ ನಕ್ಷತ್ರದಿಂದ ಬಂದ ಬಳುವಳಿ. ಹಾನ್ಲೆಗೆ ಹೆಚ್ಚು ಸೂಕ್ಷ್ಮವಾದ ಎಶೆಲ್ ರೋಹಿತಮಾಪಕ ಬಂದ ಮೇಲೆ, ಟಿ. ಶಿವರಾಣಿ ಮತ್ತು ಸಂಗಡಿಗರು ಗೋಂಪಾ ಎಂಬ ಸಮೀಕ್ಷೆಯಲ್ಲಿ ಪ್ರಕಾಶಮಾನ ಲೋಹ ಕೊರತೆಯ ನಕ್ಷತ್ರಗಳ ಧಾತುಗಳನ್ನು ಅಳೆದಿದ್ದಾರೆ. 2 ಮೀಟರ್ ಕನ್ನಡಿಗೆ ಅತಿ ಮಸುಕಿನವು ಎಟುಕುವುದಿಲ್ಲ ನಿಜ. ಆದರೆ ಒಂದೇ ನಕ್ಷತ್ರದತ್ತ ಗಂಟೆಗಟ್ಟಲೆ, ಮತ್ತೆ ಮತ್ತೆ ನೋಡುವ ಬಿಡುವು ಲೋಕದ ದೈತ್ಯ ದೂರದರ್ಶಕಗಳಲ್ಲಿ ಸುಲಭಕ್ಕೆ ಸಿಗದು. ಈ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ.

ಕಬ್ಬಿಣದ ಗೆರೆ ಕಾಣದ ಆ ಜೆ0313-6708 ತೀರ ದಕ್ಷಿಣದ್ದು. ಹಾನ್ಲೆಯಲ್ಲಿ ಅದು ಉದಯಿಸುವುದೇ ಇಲ್ಲ. ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ನಿಲ್ಕುಂದದ ಅಕ್ಷಾಂಶದಲ್ಲಿ ಎಂಟೊಂಬತ್ತು ಡಿಗ್ರಿ ಏರೀತು, ಆದರೂ ಘಟ್ಟದ ಗುಡ್ಡಗಳ ಮರೆಯಲ್ಲೇ ಉಳಿಯುತ್ತದೆ. ಎಚ್‌ಡಿ 140283 ಹಾಗಲ್ಲ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಕೊನೆಯ ವಾರದ ಚಂದ್ರನಿಲ್ಲದ ರಾತ್ರಿ, ಎರಡು ಗಂಟೆಯ ಹೊತ್ತಿಗೆ ಅದು ದಕ್ಷಿಣದಲ್ಲಿ ಸುಮಾರು 65 ಡಿಗ್ರಿ ಎತ್ತರದಲ್ಲಿರುತ್ತದೆ. ಅಂಗಳದ ದೀಪ ಆರಿಸಿ, ನಕ್ಷತ್ರಪಟ ಮುಂದಿಟ್ಟುಕೊಂಡರೆ, ಸಾಧಾರಣ ಬೈನಾಕ್ಯುಲರ್‌ನಲ್ಲೇ ನೋಡಬಹುದು.